ನಾಲ್ಕು ಜನ ಇದ್ದೀವಲ್ಲ

ಸಿಂಗಪುರಕ್ಕೆ ಹೋಗಿ ಬಂದಾಗಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ: "ಇಬ್ಬರು ವೀಲ್‌ಚೇರಿನವರನ್ನು ಕಟ್ಟಿಕೊಂಡು ವಿಮಾನದಲ್ಲಿ ಹೇಗಮ್ಮ ಹೋದೆ?" ವಿರಾಜಪೇಟೆಯ ಸಂತೆಯಲ್ಲಿ ಕೇಳಿದರು, ಬ್ಯಾಂಕಿನ ಸಾಲಿನಲ್ಲಿ ಕೇಳಿದರು, ಸಾವಿನ ಮನೆಯಲ್ಲಿ ಕಾಫಿ ಲೋಟ ಕೈಗಿಡುತ್ತಾ ಕೇಳಿದರು. ಕೇಳುವವರ ಮುಖದಲ್ಲಿ ಮರುಕ, ಜೊತೆಗೆ ಒಂದಿಷ್ಟು ಮೆಚ್ಚುಗೆ. "ಮನೆಯಲ್ಲೇ ಆರಾಮಾಗಿ ಇರಬಹುದಿತ್ತಲ್ಲ" ಅಂತ ಸೇರಿಸುವವರೂ ಇದ್ದಾರೆ. ನಾನು "ಹೇಗೋ ಆಯ್ತು" ಅಂದು ಜಾರಿಕೊಳ್ಳುತ್ತೇನೆ. ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬರುತ್ತದೆ. ವಿಮಾನದ ವಿಷಯಕ್ಕೆ ಇಷ್ಟು ಬಾಯಿ ಬಿಡುವವರು, ನಮ್ಮವರು ಮೊನ್ನೆಯ ಬೆಳೆಗಾರರ ಸಭೆಗೆ ಯಾಕೆ ಬರಲಿಲ್ಲ ಅಂತ ಒಂದು ಸಲವಾದರೂ ಕೇಳಿದ್ದಾರೆಯೆ? ಸಭೆ ನಡೆದದ್ದು ಮಹಡಿ ಮೇಲೆ. ನಾಲ್ಕೂವರೆ ಗಂಟೆ ಹಾರಿ ಸಮುದ್ರ ದಾಟಿದ ಮನುಷ್ಯ ಪೇಟೆಯಲ್ಲಿ ಒಂದು ಮಹಡಿ ಹತ್ತಲಾಗದೆ ಕಾರಿನಲ್ಲಿ ಕುಳಿತಿದ್ದು ಯಾರಿಗೂ ಸೋಜಿಗ ಅನ್ನಿಸಲಿಲ್ಲ.

ನಮ್ಮವರು ಬಿದ್ದದ್ದು ಮೆಣಸು ಕುಯ್ಯುವ ಕಾಲದಲ್ಲಿ, ಸಿಲ್ವರ್ ಓಕ್ ಮರಕ್ಕೆ ಆನಿಸಿದ್ದ ಏಣಿಯಿಂದ. ಕೊಡಗಿನವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಪ್ರತಿ ಊರಿನಲ್ಲೂ ಏಣಿಯಿಂದ ಬಿದ್ದವರ ಕಥೆ ಇದ್ದೇ ಇದೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ವೆಲ್ಲೂರಿನ ಬಾಗಾಯಂನಲ್ಲಿರುವ ಪುನರ್ವಸತಿ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಕಾರು ಅಪಘಾತದಲ್ಲಿ ತಾವೇ ಕಾಲಿನ ಶಕ್ತಿ ಕಳೆದುಕೊಂಡು, ವೀಲ್‌ಚೇರಿನಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಮೇರಿ ವರ್ಗೀಸ್ 1966ರಲ್ಲಿ ಕಟ್ಟಿದ ಸಂಸ್ಥೆ ಅದು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ ತೋಳಿನ ಬಲದಲ್ಲಿ ಜಾರುವುದನ್ನು ಅವರು ಕಲಿತದ್ದು ಅಲ್ಲಿ. ಮಧ್ಯೆ ಕೈ ಹಾಕದೆ ಸುಮ್ಮನೆ ನಿಲ್ಲುವುದನ್ನು ನಾನು ಕಲಿತದ್ದೂ ಅಲ್ಲೇ. (ಇದೆಲ್ಲ ನಮಗೆ ಸಾಧ್ಯವಾದದ್ದು ಕೈಯಲ್ಲಿ ತೋಟವಿತ್ತು ಅಂತ. ತೋಟದಲ್ಲಿ ಕೂಲಿ ಮಾಡುವ ಲೈನ್ ಮನೆಯವರು ಅದೇ ಏಣಿಯಿಂದ ಬಿದ್ದರೆ ವೆಲ್ಲೂರೂ ಇಲ್ಲ, ಸಿಂಗಪುರವೂ ಇಲ್ಲ. ಇದನ್ನು ಹೇಳದೆ ಮುಂದಕ್ಕೆ ಹೋಗಲು ನನಗೆ ಮನಸ್ಸಿಲ್ಲ.) ಎರಡನೆಯ ಕುರ್ಚಿ ಅತ್ತೆಯದು. ಕೀಲುವಾತ. ಮನೆಯೊಳಗೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ತಾಯಿ ಮಗ ಇಬ್ಬರೂ ಒಂದೇ ಜಗಲಿಯಲ್ಲಿ ಎದುರುಬದುರು ಕುಳಿತು ಕಾಫಿ ರೇಟಿನ ಬಗ್ಗೆ ಜಗಳ ಆಡುತ್ತಾರೆ.

ಎತ್ತಿಬಿಡೋಣ

ನಮ್ಮೂರಿನಲ್ಲಿ ಯಾರೂ ನಮ್ಮನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋದವರಲ್ಲ. ಅದನ್ನು ಮೊದಲೇ ಹೇಳಬೇಕು. ಎಲ್ಲೇ ಹೋಗಲಿ, ಮೆಟ್ಟಿಲು ಕಂಡ ಕೂಡಲೇ ಯಾರಾದರೂ ತೋಳು ಮಡಚಿ ಮುಂದೆ ಬರುತ್ತಾರೆ: "ನಾವು ನಾಲ್ಕು ಜನ ಇದ್ದೀವಲ್ಲ, ಎತ್ತಿಬಿಡೋಣ." ಇದು ಬಾಯಿಮಾತಲ್ಲ, ನಿಜವಾಗಿ ಎತ್ತುತ್ತಾರೆ. ಗಟ್ಟಿ ಕೈಗಳು, ಒಳ್ಳೆಯ ಮನಸ್ಸು. ಎತ್ತಿದವರ ಹೆಸರನ್ನೆಲ್ಲ ಪಟ್ಟಿ ಮಾಡಿದರೆ ಒಂದು ಊರೇ ಆದೀತು.

ಆದರೂ ಒಂದು ಮದುವೆಯ ರಾತ್ರಿ ನನ್ನ ತಲೆಯಿಂದ ಹೋಗುವುದಿಲ್ಲ. ನಮ್ಮವರ ಚಿಕ್ಕಪ್ಪನ ಮಗನ ಮದುವೆ. ಮಂಟಪಕ್ಕೆ ಎದುರಿನಿಂದ ಅಗಲವಾದ ಮೆಟ್ಟಿಲು. ಊಟದ ಹಾಲ್ ಇನ್ನೊಂದು ಮಟ್ಟದಲ್ಲಿ. ಸಂಜೆ ಬಂದ ಕೂಡಲೇ ತಮ್ಮಂದಿರು, ಅವರ ಗೆಳೆಯರು ಹುರುಪಿನಿಂದ ಕುರ್ಚಿ ಸಮೇತ ಎತ್ತಿ ಮೇಲೆ ಇಟ್ಟರು. ಫೋಟೋಗ್ರಾಫರ್ ಅದನ್ನೂ ತೆಗೆದ. ಆಲ್ಬಮ್ಮಿನಲ್ಲಿ ಮದುಮಗನ ಪುಟಕ್ಕಿಂತ ಮೊದಲೇ ಆ ಚಿತ್ರವಿದೆ. ಒಂಬತ್ತು ಗಂಟೆಯ ಹೊತ್ತಿಗೆ ನಮ್ಮವರು ನನ್ನನ್ನು ಕರೆದು, "ಹೊರಡೋಣವಾ?" ಅಂದರು. ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕುಳಿತರೆ ಅವರ ಚರ್ಮಕ್ಕೆ ಅಪಾಯ. ಮೂತ್ರದ ಚೀಲ ಬೇರೆ ತುಂಬಿತ್ತು. ಇಂಥ ವಿಷಯ ಮದುವೆ ಮನೆಯಲ್ಲಿ ಕೂಗಿ ಹೇಳುವಂಥದ್ದಲ್ಲ. ಎತ್ತಿದ ಹುಡುಗರನ್ನು ಹುಡುಕಿಕೊಂಡು ಹೋದೆ. ಒಬ್ಬ ಬಾರ್ ಕೌಂಟರಿನ ಹತ್ತಿರ, ಇಬ್ಬರು ವಾಲಗಕ್ಕೆ ಕುಣಿಯುತ್ತಾ ಬೆವರಿ ನೀರಾಗಿದ್ದರು, ಇನ್ನೊಬ್ಬ ಮನೆಗೇ ಹೋಗಿದ್ದ. "ಅಕ್ಕ, ಇಷ್ಟು ಬೇಗನಾ? ಪಂದಿ ಕರಿ ಇನ್ನೂ ಬರ್ತಾ ಇದೆ, ಒಂದು ಅರ್ಧ ಗಂಟೆ" ಅಂದರು. ಅರ್ಧ ಗಂಟೆ ಎಷ್ಟು ಹಿಗ್ಗುತ್ತದೆ ಅಂತ ಮದುವೆ ಮನೆಗೆ ಹೋದವರಿಗೆ ಗೊತ್ತು. ಕೊನೆಗೆ ಹನ್ನೊಂದು ದಾಟಿದ ಮೇಲೆ, ಮೂವರು ಕುಡಿದವರು ಮತ್ತು ಒಬ್ಬ ಡ್ರೈವರ್ ಸೇರಿ ಅವರನ್ನು ಇಳಿಸಿದರು. ನಾನು ಹಿಂದೆ ಉಸಿರು ಬಿಗಿಹಿಡಿದು ಬಂದೆ. ಯಾರೂ ಬೀಳಲಿಲ್ಲ, ಏನೂ ಆಗಲಿಲ್ಲ. ಕಾರಿನಲ್ಲಿ ನಮ್ಮವರು ಒಂದೇ ಮಾತು ಹೇಳಿದ್ದು: "ಹತ್ತಿಸೋಕೆ ಎಲ್ಲರೂ ಬರ್ತಾರೆ. ಇಳಿಯೋದು ಯಾವಾಗ ಅಂತ ಅವರೇ ತೀರ್ಮಾನ ಮಾಡ್ತಾರೆ."

ಆ ಮಾತಿನ ಮೇಲೆ ನಾನು ಬಹಳ ಯೋಚಿಸಿದ್ದೇನೆ. ಎತ್ತುವ ಕೈಗಳಿಗೆ ನಾನು ಋಣಿ, ಸುಳ್ಳಲ್ಲ. ಆದರೆ ಆ ಕೈಗಳು ಇರುವುದರಿಂದಲೇ ಮೆಟ್ಟಿಲು ಹಾಗೇ ಉಳಿದಿದೆ ಅನ್ನಿಸುತ್ತದೆ. ಮಂಟಪದ ಕಮಿಟಿಯವರಲ್ಲಿ ಇಳಿಜಾರು ಕಟ್ಟಿಸಿ ಅಂತ ಕೇಳಿದರೆ, "ಅಯ್ಯೋ ನೀವು ಯೋಚನೆ ಮಾಡಬೇಡಿ, ನಮ್ಮ ಹುಡುಗರು ಇದ್ದಾರೆ" ಅನ್ನುತ್ತಾರೆ. ಹುಡುಗರೇನೋ ಇದ್ದಾರೆ. ಅವರಿಗೆ ಬಿಡುವಿದ್ದಾಗ ಮಾತ್ರ ನಮಗೆ ಹೋಗಲು ಬರಲು ಸಾಧ್ಯ. ಅತ್ತೆಯಂತೂ ಪರಗಂಡಸರು ಎತ್ತುವುದು ಬೇಡವೆಂದು ಹೊರಗೆ ಹೋಗುವುದನ್ನೇ ನಿಲ್ಲಿಸಿದ್ದರು. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ಯಾರಾದರೂ ಬಾಟಲಿಯಲ್ಲಿ ತೀರ್ಥ ತಂದುಕೊಡುತ್ತಾರೆ. ಅಲ್ಲಿನ ಮೆಟ್ಟಿಲ ಸಾಲು ನೆನೆದು ಅವರು ಹೋಗುವ ಮಾತೇ ಎತ್ತುವುದಿಲ್ಲ.

ಮನೆಯಿಂದ ವಿಮಾನದ ಬಾಗಿಲವರೆಗೆ

ನಾದಿನಿ ಸಿಂಗಪುರದಲ್ಲಿ ನರ್ಸ್. ವರ್ಷಗಟ್ಟಲೆ ಕರೆದಳು, ಕೊನೆಗೆ ಟಿಕೆಟ್ಟನ್ನೇ ಕಳಿಸಿದಳು. ನಮಗೆ ಹತ್ತಿರದ ವಿಮಾನ ನಿಲ್ದಾಣ ಕಣ್ಣೂರಿನದು, ಮಾಕುಟ್ಟ ಘಾಟಿ ಇಳಿದರೆ ಮಟ್ಟನ್ನೂರು. 2018ರ ಡಿಸೆಂಬರಿನಲ್ಲಿ ಅದು ಶುರುವಾದಾಗ ವಿರಾಜಪೇಟೆಯವರೆಲ್ಲ ಹಿಗ್ಗಿದ್ದೆವು. ಆದರೆ ವಿದೇಶಿ ಕಂಪನಿಗಳ ವಿಮಾನಕ್ಕೆ ಅಲ್ಲಿ ಅನುಮತಿ ಸಿಕ್ಕಿಲ್ಲ. ಹೋಗುವ ವಿಮಾನಗಳೂ ಹೆಚ್ಚಾಗಿ ಗಲ್ಫ್ ಕಡೆಗೆ. ಹಾಗಾಗಿ ಗೋಣಿಕೊಪ್ಪ, ಹುಣಸೂರು, ಮೈಸೂರು ದಾಟಿ, ಬೆಂಗಳೂರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸೀಳಿಕೊಂಡು ದೇವನಹಳ್ಳಿ. ಇಡೀ ಪಯಣದಲ್ಲಿ ನಮ್ಮನ್ನು ಹಣ್ಣು ಮಾಡಿದ್ದು ಈ ಭಾಗವೇ. ದಾರಿಯಲ್ಲಿ ದೊಡ್ಡ ದೊಡ್ಡ ಹೋಟೆಲುಗಳಿವೆ; ಊಟದ ಕಡೆಗೆ ಇಳಿಜಾರೂ ಇದೆ; ಶೌಚಾಲಯದ ಬಾಗಿಲು ಮಾತ್ರ ಕುರ್ಚಿಗಿಂತ ಕಿರಿದು. ಒಂದು ಕಡೆ ವೀಲ್‌ಚೇರಿನ ಚಿತ್ರವಿರುವ ಬಾಗಿಲು ಕಂಡು ಖುಷಿಯಿಂದ ತೆರೆದೆ. ಒಳಗೆ ಪೊರಕೆ, ಬಕೆಟ್ಟು, ಫಿನಾಯಿಲ್ ಡಬ್ಬ ಪೇರಿಸಿಟ್ಟಿದ್ದರು. ಅತ್ತೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಟ್ಟಿದ್ದರು ಅಂತ ನನಗೆ ಗೊತ್ತಾದದ್ದು ಮಂಡ್ಯ ದಾಟಿದ ಮೇಲೆ.

ವಿಮಾನದ್ದು ಬೇರೆಯೇ ಲೋಕ, ಅಲ್ಲಿ ಎಲ್ಲಕ್ಕೂ ಸಂಕೇತಾಕ್ಷರ. ನಡೆಯಲು ಆಗುತ್ತದೆ, ದೂರ ನಡೆಯಲು ಆಗದು ಎಂದರೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲು ಹತ್ತಲಾಗದು, ಒಳಗೆ ಸೀಟಿನ ತನಕ ಹೆಜ್ಜೆ ಹಾಕಬಲ್ಲರು ಎಂದರೆ ಕೊನೆಯಲ್ಲಿ ಎಸ್. ಸೀಟಿನವರೆಗೂ ಕುರ್ಚಿ ಬೇಕೇ ಬೇಕು ಎಂದರೆ ಸಿ. ಅತ್ತೆ ಎಸ್, ನಮ್ಮವರು ಸಿ. ಟಿಕೆಟ್ ಮಾಡಿಸುವವರು ಸಾಮಾನ್ಯವಾಗಿ ಎಲ್ಲರಿಗೂ ಆರ್ ಒತ್ತಿ ಕೈ ತೊಳೆದುಕೊಳ್ಳುತ್ತಾರೆ. ಆಗ ವಿಮಾನದ ಬಾಗಿಲಲ್ಲಿ, ನಡುದಾರಿಯಲ್ಲಿ ತೂರುವ ಆ ಕಿರಿದಾದ ಕುರ್ಚಿ ಬಂದಿರುವುದೇ ಇಲ್ಲ. ಹೊರಡುವ 48 ಗಂಟೆ ಮೊದಲು ತಿಳಿಸಬೇಕು ಅಂತ ನಿಯಮ. ನಾನು ಫೋನು, ಇಮೇಲು ಎರಡರಲ್ಲೂ ತಿಳಿಸಿ, ಉತ್ತರವನ್ನು ಪ್ರಿಂಟ್ ಹಾಕಿಸಿ ಚೀಲದಲ್ಲಿಟ್ಟುಕೊಂಡಿದ್ದೆ.

ಆಮೇಲೆ ಬ್ಯಾಟರಿ. ನಮ್ಮವರಿಗೆಂದು ಮಡಚುವ ಎಲೆಕ್ಟ್ರಿಕ್ ಕುರ್ಚಿ ಕೊಂಡಿದ್ದೆವು. ನಮ್ಮ ತೋಟದ ಏರಿನಲ್ಲಿ ಅದು ಉಪಯೋಗಕ್ಕೆ ಬಾರದು, ಸಿಂಗಪುರದಲ್ಲಿ ಬಂದೀತು ಅಂತ. ಬಿಚ್ಚಿ ತೆಗೆಯಬಹುದಾದ ಲಿಥಿಯಂ ಬ್ಯಾಟರಿ 300 ವಾಟ್-ಅವರ್ ಮೀರುವಂತಿಲ್ಲ. ತೆಗೆದ ಮೇಲೆ ಅದು ಲಗೇಜಿಗೆ ಹೋಗಕೂಡದು, ನಮ್ಮ ಜೊತೆಗೇ ಕ್ಯಾಬಿನ್ನಿನಲ್ಲಿ ಇರಬೇಕು. ಜೊತೆಗೆ ಬಂದಿದ್ದ ನನ್ನ ಮಗ ಬ್ಯಾಟರಿಯ ಮೇಲಿನ ಚೀಟಿ ಓದಿ ಗುಣಾಕಾರ ಮಾಡಿದ: 24 ವೋಲ್ಟ್, 10 ಆಂಪ್-ಅವರ್, ಅಲ್ಲಿಗೆ 240. ಚೆಕ್-ಇನ್ ಕೌಂಟರಿನಲ್ಲಿದ್ದ ಹುಡುಗಿಗೆ ಈ ಲೆಕ್ಕ ಬರುತ್ತಿರಲಿಲ್ಲ. ಅವಳು ಮೇಲಿನವರನ್ನು ಕರೆದಳು, ಅವರು ಇನ್ನೊಬ್ಬರನ್ನು ಕರೆದರು. ಮಗ ಕಾಗದದ ಮೇಲೆ ಅದೇ ಗುಣಾಕಾರ ಮತ್ತೆ ಬರೆದು ತೋರಿಸಿದ ಮೇಲೆ ಚೀಟಿ ಅಂಟಿಸಿದರು. ವಿಮಾನದೊಳಗಿನ ಶೌಚಾಲಯದ ವಿಷಯ ಕೇಳಬೇಡಿ. ಅದರೊಳಗೆ ನಾನೇ ಸರಿಯಾಗಿ ತಿರುಗಲಾರೆ. ಕ್ಯಾತಿಟರ್, ಚೀಲ, ಗಾಳಿ ತುಂಬಿದ ದಿಂಬು, ಆಗಾಗ ತೋಳೂರಿ ಮೈ ಎತ್ತಿ ಇಳಿಸುವುದು. ಹೀಗೆ ಹೋದೆವು. ಪ್ರಶ್ನೆ ಕೇಳಿದವರಿಗೆಲ್ಲ ಉತ್ತರ ಇಷ್ಟೇ.

ಒಂದರ ಲೆಕ್ಕ

ಸಿಂಗಪುರದಲ್ಲಿ ನಮ್ಮನ್ನು ಯಾರೂ ಎತ್ತಲಿಲ್ಲ. ಅಷ್ಟೇ ಅಲ್ಲ, ಯಾರೂ ನೋಡಲೂ ಇಲ್ಲ. ಮೊದಲ ದಿನ ನನಗೆ ಅದೇ ಒಂಥರಾ ಕಸಿವಿಸಿ. ರೈಲು ನಿಲ್ದಾಣಕ್ಕೆ ಹೋದರೆ ಲಿಫ್ಟ್, ಅಗಲದ ಗೇಟು, ನೆಲದ ಮಟ್ಟಕ್ಕೇ ಬಂದು ನಿಲ್ಲುವ ರೈಲು; ನಮ್ಮವರು ಗುಂಡಿ ಒತ್ತಿಕೊಂಡು ನಮಗಿಂತ ಮುಂದೆ ಹೋಗಿಬಿಟ್ಟರು. ಹಿಂತಿರುಗಿ "ಬೇಗ ಬನ್ನಿ" ಅಂದರು. ಬಿದ್ದ ಮೇಲೆ ಅವರು ನಮಗಾಗಿ ಕಾಯುವುದನ್ನು ನಾನು ಕಂಡಿರಲಿಲ್ಲ.

ಬಸ್ಸಿನದು ಇನ್ನೊಂದು ಕಥೆ. ಅಲ್ಲಿನ ಚಾಲಕರನ್ನು ಬಸ್ ಕ್ಯಾಪ್ಟನ್ ಅಂತಾರೆ. ಸ್ಟಾಪಿನಲ್ಲಿ ನಮ್ಮನ್ನು ಕಂಡ ಕ್ಯಾಪ್ಟನ್ ಎದ್ದು ಬಂದ, ಬಾಗಿಲ ಬುಡದಲ್ಲಿ ಮಡಚಿದ್ದ ಹಲಗೆಯನ್ನು ಬಗ್ಗಿ ಬಿಡಿಸಿ ಫುಟ್‌ಪಾತಿಗೆ ಹಾಕಿದ. ನಮ್ಮವರು "ಸಾರಿ, ಸಾರಿ" ಅನ್ನುತ್ತಲೇ ಏರಿದರು. ಎಂಥದ್ದಕ್ಕೆ ಸಾರಿ ಅಂತ ಅವನಿಗೆ ಅರ್ಥವಾದ ಹಾಗೆ ಕಾಣಲಿಲ್ಲ; ಯಾವ ಸ್ಟಾಪ್ ಅಂತ ಮಾತ್ರ ಕೇಳಿದ. ಅಷ್ಟರಲ್ಲಿ ನನ್ನ ಮುಂದೆ ಕುರ್ಚಿಯಲ್ಲಿದ್ದ ಅತ್ತೆ ಅವನ ಕಣ್ಣಿಗೆ ಬಿದ್ದರು. ಒಂದು ಬೆರಳು ಎತ್ತಿ ತೋರಿಸಿದ. ಈ ಬಸ್ಸಿನಲ್ಲಿ ಒಂದು ಕುರ್ಚಿಗೆ ಮಾತ್ರ ಜಾಗ, ಇನ್ನೊಂದು ಹಿಂದೆಯೇ ಬರುತ್ತದೆ. ಹಲಗೆ ಮಡಚಿದ, ಬಾಗಿಲು ಮುಚ್ಚಿತು, ಮಗನೂ ಅವನ ಅಪ್ಪನೂ ಗಾಜಿನಾಚೆ ಕೈ ಬೀಸುತ್ತಾ ಹೊರಟೇಹೋದರು. ಅತ್ತೆ ಗಾಬರಿಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. "ಬಿಟ್ಟು ಹೋದ್ರಲ್ಲೇ! ಹೆಸರು ಗೊತ್ತಿಲ್ಲದ ಊರಲ್ಲಿ!" ಮುಂದಿನ ಬಸ್ಸು ಬರುವ ತನಕ ಅವರ ಹಿಡಿತ ಸಡಿಲವಾಗಲಿಲ್ಲ. ಬಂದ ಬಸ್ಸಿನ ಕ್ಯಾಪ್ಟನ್ ಹೆಂಗಸು. ಹಲಗೆ ಹಾಕಿ, ಅತ್ತೆಯ ಕುರ್ಚಿ ಸರಿಯಾಗಿ ನಿಂತಿದೆಯೇ ನೋಡಿ, ಬ್ರೇಕ್ ಹಾಕಿಸಿ ಹೋದಳು. ಅತ್ತೆ ಆಮೇಲೆ ಬಹಳ ಹೊತ್ತು ಅವಳ ಬೆನ್ನನ್ನೇ ನೋಡುತ್ತಿದ್ದರು.

ಹೋಟೆಲಿನಲ್ಲೂ ಹೀಗೇ. ನಾದಿನಿಯ ಫ್ಲ್ಯಾಟಿಗೆ ಲಿಫ್ಟ್ ಇತ್ತು, ಬಚ್ಚಲಿಗೆ ಮಾತ್ರ ಎತ್ತರದ ಹೊಸ್ತಿಲು, ಅದಕ್ಕೇ ಹೋಟೆಲು. ನಮಗೆ ಹೊಂದುವ ಕೋಣೆ ಖಾಲಿ ಇದ್ದದ್ದು ಒಂದು. ಅದರಲ್ಲಿ ಒಂದು ಕುರ್ಚಿ ಸಲೀಸಾಗಿ ತಿರುಗುತ್ತದೆ. ಎರಡು ಕುರ್ಚಿ ಒಳಗೆ ಬಂದರೆ ಒಂದನ್ನು ಮಡಚಿ ಕಪಾಟಿಗೆ ಆನಿಸಬೇಕು; ಅದರ ಒಡೆಯರು ಆಮೇಲೆ ಮಂಚದಿಂದ ಇಳಿಯುವಂತಿಲ್ಲ. ಟ್ಯಾಕ್ಸಿಯ ಡಿಕ್ಕಿಯಲ್ಲೂ ಒಂದೇ. ಅಂಗವಿಕಲರು ಅಂದರೆ ಪ್ರತಿ ಕುಟುಂಬಕ್ಕೆ ಒಬ್ಬರು, ಅವರ ಪಕ್ಕದಲ್ಲಿ ಕೈಕಾಲು ಗಟ್ಟಿಯಿರುವ ಒಬ್ಬ ಜೊತೆಗಾರ. ಒಳ್ಳೆಯ ವ್ಯವಸ್ಥೆ ಇರುವ ಜಗತ್ತೂ ನಮ್ಮನ್ನು ಊಹಿಸಿಕೊಂಡಿರುವುದು ಹೀಗೆ. ತಾಯಿ ಮಗ ಇಬ್ಬರೂ ಕುರ್ಚಿಯಲ್ಲಿದ್ದಾರೆ, ಇಬ್ಬರೂ ಒಟ್ಟಿಗೆ ಕಿಟಕಿಯಾಚೆ ನೋಡುತ್ತಾ ಮಾತಾಡಿಕೊಂಡು ಹೋಗಬೇಕು ಅನ್ನುವುದು ಯಾವ ನಕ್ಷೆಯಲ್ಲೂ ಇಲ್ಲ. ನಮ್ಮೂರಿನ ಲೆಕ್ಕ ಸೊನ್ನೆ, ಅಲ್ಲಿನದು ಒಂದು. ಸೊನ್ನೆಗಿಂತ ಒಂದು ಎಷ್ಟೋ ದೊಡ್ಡದು, ನಾನು ಕೃತಘ್ನಳಲ್ಲ. ಆದರೆ ನಾವು ಇರುವುದು ಇಬ್ಬರು.

ಗಾಜಿನೊಳಗಿನ ಜಲಪಾತ

ಗಾರ್ಡನ್ಸ್ ಬೈ ದ ಬೇ ಅಂತ ಸಮುದ್ರದಂಚಿನಲ್ಲಿ ದೊಡ್ಡ ತೋಟ, 2012ರಲ್ಲಿ ತೆರೆದದ್ದು. ಅದರಲ್ಲಿ ಕ್ಲೌಡ್ ಫಾರೆಸ್ಟ್ ಅನ್ನುವ ಗಾಜಿನ ಮನೆ. ಸಾವಿರ ಮೀಟರಿಗಿಂತ ಎತ್ತರದ ಉಷ್ಣವಲಯದ ಬೆಟ್ಟಗಳ ತಂಪು, ತೇವ, ಮಂಜನ್ನು ಯಂತ್ರದಿಂದ ತಯಾರಿಸಿ, ಒಳಗೊಂದು ಬೆಟ್ಟ ಕಟ್ಟಿ, ಅದರಿಂದ 35 ಮೀಟರ್ ಎತ್ತರದ ನೀರು ಬೀಳಿಸಿದ್ದಾರೆ. ಹೊರಗೆ ಬೆವರಿಳಿಸುವ ಸೆಕೆ. ಬಾಗಿಲು ತೆರೆದ ಕೂಡಲೇ ಮುಖಕ್ಕೆ ಹೊಡೆದದ್ದು ಜುಲೈ ತಿಂಗಳ ಮಡಿಕೇರಿ. ಜರೀಗಿಡ, ಪಾಚಿ, ಮರಕ್ಕೆ ಅಂಟಿದ ಸೀತಾಳೆಯಂಥ ಹೂಗಳು. ಅತ್ತೆ ಸೆರಗು ಹೊದ್ದುಕೊಂಡು ಸುತ್ತ ನೋಡಿ, "ಇದಕ್ಕೆ ದುಡ್ಡು ಕೊಟ್ಟು ಇಷ್ಟು ದೂರ ಬರಬೇಕಿತ್ತಾ? ನಮ್ಮ ಮನೆ ಹಿಂದೆಯೇ ಇದೆಯಲ್ಲ" ಅಂದರು. ನಾವೆಲ್ಲ ನಕ್ಕೆವು. ನಮ್ಮವರು ನಗಲಿಲ್ಲ. "ಇದೆ. ನಾನು ನೋಡಿ ಎಷ್ಟು ವರ್ಷವಾಯ್ತು, ಹೇಳಿ" ಅಂದರು.

ಲೆಕ್ಕ ಹಾಕಿದರೆ ನಿಜ. ಮನೆಗೆ ನೆಂಟರು ಬಂದಾಗಲೆಲ್ಲ ಅಬ್ಬಿ ಜಲಪಾತಕ್ಕೆ ಕರೆದುಕೊಂಡು ಹೋಗುತ್ತಿದ್ದದ್ದು ಅವರೇ. ಈಗ ಮೇಲಿನ ಗೇಟಿನ ಹತ್ತಿರ ಕಾರಿನಲ್ಲಿ ಕುಳಿತಿರುತ್ತಾರೆ. ಮೆಟ್ಟಿಲಿಳಿದು ಹೋದವರು ಒದ್ದೆಯಾಗಿ ಬಂದು ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಾರೆ. ಇಲ್ಲಿ ತಾಯಿ ಮಗ ಒಂದೇ ಲಿಫ್ಟಿನಲ್ಲಿ ಬೆಟ್ಟದ ತುದಿಗೆ ಹೋದರು. ಮೇಲಿನಿಂದ ನೀರಿನ ಸುತ್ತ ಗಾಳಿಯಲ್ಲಿ ಚಾಚಿಕೊಂಡಿರುವ ಸೇತುವೆಗಳ ಮೇಲೆ ಒಬ್ಬರ ಹಿಂದೆ ಒಬ್ಬರು. ನಾನು ಬೇಕೆಂದೇ ಹಿಂದೆ ಉಳಿದೆ. ನೀರಿನ ಹನಿ ಅವರ ಕನ್ನಡಕದ ಮೇಲೆ ಬಿತ್ತು, ಒರೆಸಿಕೊಳ್ಳದೆ ಹಾಗೇ ಹೋದರು. ನಕಲಿ ಬೆಟ್ಟ, ಪಂಪಿನಿಂದ ಏರಿಸಿದ ನೀರು, ಟಿಕೆಟ್ಟು ಕೊಟ್ಟು ನೋಡುವ ಮಂಜು, ಎಲ್ಲ ನನಗೆ ಗೊತ್ತು. ಅಸಲಿ ಬೆಟ್ಟದ ನಾಡಿನವನಿಗೆ ಜಲಪಾತ ಸಿಕ್ಕಿದ್ದು ಅಲ್ಲಿ. ನನಗೆ ಬಂದದ್ದು ಸಂತೋಷವಲ್ಲ, ಸಿಟ್ಟು.

"ಅವರಿಗೇನು, ಶ್ರೀಮಂತ ದೇಶ" ಅಂತ ಸುಲಭವಾಗಿ ಹೇಳಬಹುದು. ಆದರೆ 1987ರಲ್ಲಿ ಅಲ್ಲಿ ಮೆಟ್ರೊ ಶುರುವಾದಾಗ ವೀಲ್‌ಚೇರಿನವರನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಆಮೇಲೆ ಕಟ್ಟಿದ ನಿಲ್ದಾಣಗಳನ್ನೇ ಅಗೆದು ಲಿಫ್ಟ್ ಕೂರಿಸಿದರು. ಬಸ್ಸುಗಳೆಲ್ಲ ಹಲಗೆಯವಾದದ್ದು 2020ರ ಡಿಸೆಂಬರಿಗೆ. ಅಂದರೆ ಅವರೂ ಮೊದಲು ಮೆಟ್ಟಿಲನ್ನೇ ಕಟ್ಟಿದವರು. ನಮ್ಮಲ್ಲೂ ಕಾನೂನಿಗೆ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ನಿಯಮಗಳು ಬಂದ ಐದು ವರ್ಷದೊಳಗೆ ಇರುವ ಸಾರ್ವಜನಿಕ ಕಟ್ಟಡಗಳೆಲ್ಲ ನಮಗೆ ತೆರೆದಿರಬೇಕಿತ್ತು. ನಿಯಮ ಬಂದದ್ದು 2017ರಲ್ಲಿ. ಆ ಗಡುವು ಯಾವಾಗಲೋ ಮುಗಿದಿದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಅನುಕೂಲಗಳನ್ನು ಬರೀ ಮಾರ್ಗಸೂಚಿಯ ಮಟ್ಟದಲ್ಲಿ ಬಿಟ್ಟರೆ ಸಾಲದು, ಕಡ್ಡಾಯ ನಿಯಮವನ್ನೇ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಪ್ರವಾಸಿಗರಿಂದಲೇ ಬದುಕುತ್ತೇವೆ ಅನ್ನುವ ನಮ್ಮ ಜಿಲ್ಲೆಯಲ್ಲಿ ಹೋಮ್‌ಸ್ಟೇ ಬೋರ್ಡು ಇಲ್ಲದ ತಿರುವಿಲ್ಲ. ಅವುಗಳಲ್ಲಿ ವೀಲ್‌ಚೇರ್ ನೇರ ಒಳಗೆ ಹೋಗುವಂಥದ್ದನ್ನು ನಾನಿನ್ನೂ ಹುಡುಕುತ್ತಿದ್ದೇನೆ. "ವ್ಯೂ ಚೆನ್ನಾಗಿದೆ" ಅಂದರೆ ಮೆಟ್ಟಿಲು ಬಹಳ ಇದೆ ಅಂತ ತಿಳಿದುಕೊಳ್ಳಿ.

ಮೇಸ್ತ್ರಿಯ ಜೊತೆ

ಊರಿಗೆ ಬಂದ ಮೇಲೆ ನಮ್ಮವರು ಮೊದಲು ಮಾಡಿದ ಕೆಲಸ ಮೇಸ್ತ್ರಿಗೆ ಫೋನು. ಮನೆಯ ಮುಂದೆ ಇಷ್ಟು ವರ್ಷ ಇದ್ದದ್ದು ಎರಡು ಮರದ ಹಲಗೆ. ಮಳೆಗಾಲದಲ್ಲಿ ಅವು ಜಾರುತ್ತವೆ ಅಂತ ತೆಗೆದಿಡುತ್ತಿದ್ದೆವು, ಅಂದರೆ ಜೂನಿನಿಂದ ಸೆಪ್ಟೆಂಬರ್ ತನಕ ಮತ್ತೆ ನಾಲ್ಕು ಜನ. ಮೇಸ್ತ್ರಿ ಟೇಪು ಹಿಡಿದ. ಜಗಲಿಯ ಎತ್ತರ ಮೂರೂವರೆ ಅಡಿ. "ಒಂದು ಹದಿನೈದು ಅಡಿ ಇಳಿಜಾರು ಎಳೆದುಬಿಡ್ತೀನಿ, ಜೀಪೇ ಹತ್ತುತ್ತೆ" ಅಂದ. ಜೀಪು ಹತ್ತುತ್ತದೆ, ಮನುಷ್ಯ ಕೈಯಿಂದ ಗಾಲಿ ತಿರುಗಿಸಿ ಹತ್ತಲಾರ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅಲ್ಲಿಗೆ 42 ಅಡಿ, ಮಧ್ಯೆ ನಿಂತು ಸುಧಾರಿಸಿಕೊಳ್ಳಲು ಒಂದು ಸಮತಟ್ಟು. ಪಾಚಿ ಹಿಡಿದರೂ ಜಾರದ ಹಾಗೆ ಮೇಲ್ಮೈಯಲ್ಲಿ ಗೀರು. ಮೇಸ್ತ್ರಿ ಅಂಗಳವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದ. ಅಷ್ಟು ಉದ್ದ ಹೋದರೆ ಕಾಫಿ ಒಣಗಿಸುವ ಕಣವನ್ನೇ ತಿನ್ನುತ್ತದೆ.

ತಮ್ಮಂದಿರು ಬಂದು ಬೇಸರಪಟ್ಟುಕೊಂಡರು: "ಯಾಕಣ್ಣ ಇಷ್ಟು ಖರ್ಚು? ನಾವು ಇಲ್ವಾ?" ಅವರು ಇದ್ದಾರೆ. ಬಂದು ಕುಳಿತು ಮಾತಾಡಲಿ, ಊಟ ಮಾಡಿ ಹೋಗಲಿ ಅಂದರು ನಮ್ಮವರು. ಅದು ಅವರಿಗೆ ಪೂರ್ತಿ ಸಮಾಧಾನವಾದ ಹಾಗೆ ಕಾಣಲಿಲ್ಲ.

ನಿಜವಾದ ಜಗಳ ಎದ್ದದ್ದು ಅಗಲಕ್ಕೆ. ಒಂದು ಕುರ್ಚಿಗೆ ನಾಲ್ಕು ಅಡಿ ಧಾರಾಳ ಅಂತ ನಮ್ಮವರು. ಅಷ್ಟು ಹೊತ್ತು ಸುಮ್ಮನಿದ್ದ ಅತ್ತೆ ಆರು ಅಡಿ ಬೇಕು ಅಂದರು. "ನೀನು ಇಳಿಯುವಾಗ ನಾನು ಹತ್ತಬೇಕಾದರೆ? ಇಲ್ಲೂ ಮುಂದಿನ ಬಸ್ಸಿಗೆ ಕಾಯಬೇಕಾ?" ಮಗ ನಕ್ಕುಬಿಟ್ಟ, ಅವನ ಅಪ್ಪ ಬಾಯಿ ಮುಚ್ಚಿಕೊಂಡರು. ಮೇಸ್ತ್ರಿ ಆರು ಅಡಿಗೇ ಲೆಕ್ಕ ಬರೆದುಕೊಂಡು ಹೋಗಿದ್ದಾನೆ. ಮಳೆ ನಿಂತ ಮೇಲೆ ಶುರು, ಕಾಫಿ ಹಣ್ಣು ಕುಯ್ಯುವ ಮೊದಲು ಮುಗಿಯಬೇಕು. ಉಳಿಯುವ ಕಣದಲ್ಲಿ ಪೂರ್ತಿ ಬೆಳೆ ಹರಡಲಾಗದು. ಒಂದಿಷ್ಟನ್ನು ಈ ಸಲ ಹಣ್ಣಾಗಿಯೇ ಮಾರಬೇಕು. ಯಾವ ರೇಟಿಗೆ ಅಂತ ತಾಯಿ ಮಗ ಜಗಲಿಯಲ್ಲಿ ಕುಳಿತು ಈಗಾಗಲೇ ಶುರು ಮಾಡಿದ್ದಾರೆ.